ಮಣಿಗಿಂತ ಮೊದಲು ಕುಣಿಕೆ

ಏಪ್ರಿಲ್ ಬಂತೆಂದರೆ ಬೇಸಿಗೆ ಶಿಬಿರಗಳ ಕರಪತ್ರಗಳು ದಿನಪತ್ರಿಕೆಯ ಮಡಿಕೆಯಿಂದ ಉದುರತೊಡಗುತ್ತವೆ. ಕರಾಟೆ, ಕೀಬೋರ್ಡ್, ವೇದಗಣಿತ, ಗ್ಲಾಸ್ ಪೇಂಟಿಂಗ್‌ಗಳ ಪಟ್ಟಿಗೆ ಈಚಿನ ವರ್ಷಗಳಲ್ಲಿ ವೈರ್ ಜ್ಯುವೆಲ್ಲರಿಯೂ ಸೇರಿದೆ. ಎಂಟು ಹತ್ತು ವರ್ಷದ ಮಕ್ಕಳಿಂದ ಹಿಡಿದು ಹೈಸ್ಕೂಲು ಮಕ್ಕಳವರೆಗೆ ಯಾರು ಬೇಕಾದರೂ ಸೇರಬಹುದು. ಒಂದೆರಡು ತಾಸಿನ ತರಗತಿ. ಮನೆಗೆ ಹೋಗುವಾಗ ಕೈಯಲ್ಲಿ ಒಂದು ಜೊತೆ ಓಲೆ ಖಾತ್ರಿ. ತಂದೆತಾಯಿಗಳಿಗೆ ಇದಕ್ಕಿಂತ ನಿರುಪದ್ರವಿ ಹವ್ಯಾಸ ಕಾಣದು. ಬಣ್ಣ ಚೆಲ್ಲುವುದಿಲ್ಲ, ಸದ್ದಿಲ್ಲ, ಬೆಂಕಿಯಿಲ್ಲ, ಮೇಲಾಗಿ ಮಗು ಮೊಬೈಲು ಕೆಳಗಿಟ್ಟು ಕೂತಿರುತ್ತದೆ.

ತರಗತಿಯೊಳಗೆ ನಡೆಯುವುದೂ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಪ್ರತಿ ಮಗುವಿನ ಮುಂದೆ ಒಂದು ಜಿಪ್ ಕವರ್. ಅದರಲ್ಲಿ ಬಣ್ಣದ ಮಣಿಗಳು, ಒಂದು ತುದಿ ಚಪ್ಪಟೆಯಾಗಿರುವ ಹೆಡ್ ಪಿನ್‌ಗಳು, ಅಂಗಡಿಯಿಂದ ತಂದ ಕಿವಿಯ ಕೊಕ್ಕೆಗಳು, ಭಾಗಗಳನ್ನು ಜೋಡಿಸಲು ಜಂಪ್ ರಿಂಗ್ ಎಂಬ ಒಂದಿಷ್ಟು ಪುಟ್ಟ ಉಂಗುರಗಳು. ಮಗು ಪಿನ್ನಿಗೆ ಮಣಿ ಏರಿಸುತ್ತದೆ. ಮೇಲೆ ಉಳಿದ ತಂತಿಯನ್ನು ಬಾಗಿಸಿ ಕುಣಿಕೆ ಮಾಡುವ ಹೊತ್ತಿಗೆ ಕೈ ತಡವರಿಸುತ್ತದೆ. ಇನ್ನೂ ಹತ್ತು ಮಕ್ಕಳು ಕಾಯುತ್ತಿರುವುದರಿಂದ ಟೀಚರ್ ಬಂದು ಇಕ್ಕಳ ತೆಗೆದುಕೊಂಡು ಒಂದೇ ತಿರುವಿಗೆ ಕುಣಿಕೆ ಮಾಡಿ, ಕೊಕ್ಕೆಗೆ ಸಿಕ್ಕಿಸಿ ಕೊಡುತ್ತಾರೆ. ಫೋಟೋ ತೆಗೆಯುತ್ತಾರೆ. ಸಂಜೆಗೆ ವಾಟ್ಸಾಪ್ ಗುಂಪಿನಲ್ಲಿ ಚಿತ್ರ ಬರುತ್ತದೆ. ಎಲ್ಲರೂ ಮೆಚ್ಚುತ್ತಾರೆ.

ಮೆಚ್ಚುವಂಥದೇ. ಆದರೆ ಕಲಿಸಿದ್ದೇನು ಎಂದು ವಿಮರ್ಶೆಯ ಕಣ್ಣಿನಿಂದ ನೋಡಿದರೆ ಉತ್ತರ ಸಪ್ಪೆ. ಮಗು ಕಲಿತದ್ದು ಪೋಣಿಸುವುದನ್ನು. ಅದು ಮೂರನೇ ವಯಸ್ಸಿನಲ್ಲಿ ಅಂಗನವಾಡಿಯಲ್ಲೇ ಬಂದಿತ್ತು. ಇಡೀ ಕೆಲಸದಲ್ಲಿ ತಂತಿಗೆ ಸಂಬಂಧಪಟ್ಟ ಒಂದೇ ಒಂದು ಕ್ರಿಯೆಯೆಂದರೆ ಕುಣಿಕೆ ಮಾಡುವುದು, ಅದನ್ನು ಮಾಡಿದವರು ಟೀಚರ್. ಪ್ಯಾಕೆಟ್ ಹಿಟ್ಟು ತಂದು ದೋಸೆ ಹುಯ್ದವರು ರುಬ್ಬುವುದನ್ನು ಕಲಿತಂತಾಗುವುದಿಲ್ಲ. ಮಾರನೆಯ ದಿನ ಆ ಓಲೆಯಲ್ಲೊಂದು ಬಿಚ್ಚಿಕೊಂಡರೆ ಮಗುವಿಗೆ ಅದನ್ನು ಮತ್ತೆ ಜೋಡಿಸಲು ಬರುವುದಿಲ್ಲ. ಕೈಕಸುಬು ಕಲಿಸುವ ಯಾವ ತರಗತಿಗೂ ನಾನು ಹಾಕುವ ಅಳತೆಗೋಲು ಇದೇ: ಟೀಚರೂ ಇಲ್ಲದೆ, ಕಿಟ್ಟೂ ಇಲ್ಲದೆ, ಮಗು ಮಾರನೆಯ ದಿನ ತಾನಾಗಿ ಏನನ್ನು ಮಾಡಬಲ್ಲದು? ಈ ಅಳತೆಗೆ ನಮ್ಮ ಬಹುಪಾಲು ತಂತಿ ಆಭರಣದ ತರಗತಿಗಳು ನಿಲ್ಲುವುದಿಲ್ಲ.

ನಿಲ್ಲದಿರುವುದಕ್ಕೆ ಕಾರಣ ಮಕ್ಕಳ ಕೈಯಲ್ಲಿಲ್ಲ, ಪಾಠದ ಕ್ರಮದಲ್ಲಿದೆ. ಕುಣಿಕೆಯನ್ನು ಕೊನೆಯ ಹಂತವಾಗಿ, ಓಲೆ ಮುಗಿಸುವ ಆತುರದಲ್ಲಿ ಇಟ್ಟಿರುವುದರಿಂದಲೇ ಅದು ಅಡ್ಡಗೋಡೆಯಾಗುತ್ತದೆ. ಅದನ್ನೇ ಮೊದಲ ಪಾಠವಾಗಿಟ್ಟು, ಮಣಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು, ತಂತಿ ಮತ್ತು ಇಕ್ಕಳ ಮಾತ್ರ ಕೊಟ್ಟರೆ ಸಂಗತಿಯೇ ಬೇರೆ. ಒಳ್ಳೆಯ ಕುಣಿಕೆಗೆ ಎರಡು ಚಲನೆ ಸಾಕು. ತಂತಿಯನ್ನು ಮೊದಲು ಲಂಬಕೋನಕ್ಕೆ ಬಾಗಿಸಬೇಕು. ಆಮೇಲೆ ಉರುಟು ಮೂತಿಯ ಇಕ್ಕಳದಿಂದ ತುದಿಯನ್ನು ಹಿಡಿದು, ಆ ಬಾಗಿನ ಎದುರು ದಿಕ್ಕಿಗೆ ಮಣಿಕಟ್ಟನ್ನು ಉರುಳಿಸಬೇಕು. ಮೊದಲನೆಯ ಬಾಗನ್ನು ಬಿಟ್ಟು ನೇರವಾಗಿ ಸುತ್ತಿದರೆ ಕುಣಿಕೆ ಪಕ್ಕಕ್ಕೆ ವಾಲುತ್ತದೆ, ಅದಕ್ಕೆ ತೂಗಿದ ಮಣಿಯೂ ಸೊಟ್ಟಗೆ ತೂಗುತ್ತದೆ. ಬಾಗಿಸಿ ಸುತ್ತಿದರೆ ಕುಣಿಕೆ ತಂತಿಯ ನೆತ್ತಿಯ ಮೇಲೆ ಸರಿಯಾಗಿ ಕೂರುತ್ತದೆ. ಇಷ್ಟನ್ನು ಮಗು ತನ್ನ ಕಣ್ಣಿನಿಂದಲೇ ತಾಳೆ ನೋಡಬಹುದು, ಟೀಚರು ಸರಿ ತಪ್ಪು ಹೇಳಬೇಕಿಲ್ಲ.

ಈ ಪುಟ್ಟ ಕ್ರಿಯೆಯೊಳಗೆ ಹೈಸ್ಕೂಲಿನ ಪಾಠವೂ ಅಡಗಿದೆ. ಒಳವ್ಯಾಸ 3 ಮಿಲಿಮೀಟರ್ ಇರುವ ಕುಣಿಕೆಯನ್ನು 0.8 ಮಿ.ಮೀ. ತಂತಿಯಲ್ಲಿ ಮಾಡಲು ಎಷ್ಟುದ್ದ ಬಿಡಬೇಕು? ತಂತಿಯ ನಡುಗೆರೆಯ ಲೆಕ್ಕದಲ್ಲಿ ವ್ಯಾಸ 3.8, ಅದನ್ನು ಪೈನಿಂದ ಗುಣಿಸಿದರೆ ಸುಮಾರು 12 ಮಿ.ಮೀ. ಹನ್ನೆರಡಕ್ಕೆ ಗುರುತು ಹಾಕಿ ಬಾಗಿಸಿದ ಮಗುವಿಗೆ ಕುಣಿಕೆ ಬಾಯಿ ಮುಚ್ಚಿಕೊಂಡು ಬರುತ್ತದೆ. ಹತ್ತಕ್ಕೆ ಬಾಗಿಸಿದವನಿಗೆ ಬಾಯಿ ತೆರೆದಿರುತ್ತದೆ. ಒಳವ್ಯಾಸವನ್ನಷ್ಟೇ ಲೆಕ್ಕ ಹಿಡಿದು ತಂತಿಯ ದಪ್ಪವನ್ನು ಮರೆತವರಿಗೆ ಏಕೆ ಕಡಿಮೆ ಬಿತ್ತೆಂಬ ಪ್ರಶ್ನೆ ಏಳುತ್ತದೆ. ಪೈ ಎಂಬುದು ಪರೀಕ್ಷೆಯ ಸಂಖ್ಯೆಯಾಗಿದ್ದದ್ದು ಕೈಗೆ ಸಿಗುವ ಕ್ಷಣ ಅದು. ಉರುಟು ಇಕ್ಕಳದ ಮೂತಿ ಶಂಕುವಿನಾಕಾರದ್ದಾದ್ದರಿಂದ ತುದಿಯಲ್ಲಿ ಹಿಡಿದರೆ ಚಿಕ್ಕ ಕುಣಿಕೆ, ಬುಡದಲ್ಲಿ ಹಿಡಿದರೆ ದೊಡ್ಡದು. ಎಲ್ಲ ಕುಣಿಕೆಗಳೂ ಒಂದೇ ಅಳತೆಯವಾಗಬೇಕಾದರೆ ಮೂತಿಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದರಾಯಿತು.

ಕುಣಿಕೆ ಕೈಗೆ ಬಂದ ಮೇಲೆ ಉಳಿದದ್ದೆಲ್ಲ ಅದರ ಮರಿಗಳೇ. ಎರಡೂ ತುದಿಗೆ ಕುಣಿಕೆ ಮಾಡಿದರೆ ಕೊಂಡಿ. ಕೊಂಡಿಗೆ ಕೊಂಡಿ ಸೇರಿಸಿದರೆ ಸರಪಳಿ. ಕುಣಿಕೆಯ ಬಾಲವನ್ನು ಕತ್ತರಿಸದೆ ಕುತ್ತಿಗೆಗೆ ಎರಡು ಮೂರು ಸುತ್ತು ಸುತ್ತಿದರೆ ಬಿಚ್ಚದ ಕುಣಿಕೆ. ತೆಳು ತಂತಿಗೆ ಇದೇ ಬೇಕು. ತಂತಿಯನ್ನು ಪೆನ್ಸಿಲಿಗೆ ಸುರುಳಿ ಸುತ್ತಿ ಉದ್ದಕ್ಕೆ ಕತ್ತರಿಸಿದರೆ ಜಂಪ್ ರಿಂಗ್‌ಗಳ ರಾಶಿ. ಆ ರಿಂಗನ್ನು ತೆರೆಯುವಾಗ ಬಾಯಿಯನ್ನು ಅಗಲಿಸದೆ, ಒಂದು ತುದಿಯನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಬೇಕು. ಇಲ್ಲದಿದ್ದರೆ ಮತ್ತೆ ದುಂಡಗಾಗುವುದಿಲ್ಲ. ನಮ್ಮ ಮನೆಗಳಲ್ಲಿ ಇದರ ಪಠ್ಯಪುಸ್ತಕವೇ ಇದೆ. ಕರಿಮಣಿ ಸರವನ್ನು ದಾರದಲ್ಲಿ ಪೋಣಿಸುವ ರೂಢಿಯಿದ್ದಂತೆ, ಒಂದೊಂದೇ ಮಣಿಯೊಳಗೆ ಚಿನ್ನದ ತಂತಿ ತೂರಿಸಿ ಎರಡೂ ಕಡೆ ಕುಣಿಕೆ ಮಾಡಿ ಕಟ್ಟುವ ರೂಢಿಯೂ ಇದೆ. ಅಮ್ಮನ ಕೊರಳಿನ ಸರವನ್ನು ಭೂತಗನ್ನಡಿಯಲ್ಲಿ ನೋಡಿದ ಮಗುವಿಗೆ ಕುಣಿಕೆ ಎಷ್ಟು ಚಿಕ್ಕದಾಗಿ, ಎಷ್ಟು ಒಂದೇ ಸಮನಾಗಿ ಇರಬಲ್ಲದೆಂದು ತಿಳಿಯುತ್ತದೆ. ಶಿಬಿರದ ಕರಪತ್ರದಲ್ಲಿರುವ ವಿದೇಶಿ ವಿನ್ಯಾಸದ ಚಿತ್ರಕ್ಕಿಂತ ಅದು ದೊಡ್ಡ ಮಾದರಿ.

ಎರಡನೆಯ ತಕರಾರು ಸಾಮಗ್ರಿಯದು. ಕೋರ್ಸಿನ ವಿವರಗಳಲ್ಲಿ 20 ಗೇಜ್ ತಂತಿ ತನ್ನಿ ಎಂದಿರುತ್ತದೆ. ಯಾವ ಗೇಜ್? ಪಾಠದ ವಿಡಿಯೊ ಅಮೆರಿಕದ್ದಾದರೆ ಅದರ 20 ಗೇಜ್ ಎಂದರೆ 0.81 ಮಿ.ಮೀ. ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಯವರು ತೂಕ ಮಾಡಿ ಕೊಡುವ ತಾಮ್ರದ ತಂತಿ ಬ್ರಿಟಿಷ್ ಅಳತೆಯದು; ಅದರ 20 ಗೇಜ್ ಎಂದರೆ 0.91 ಮಿ.ಮೀ. ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೆ ಇಷ್ಟು ರಗಳೆ ಯಾಕೆಂದು ಕೇಳಬಹುದು. ತಂತಿ ಬಾಗಿ ಹಾಗೆಯೇ ನಿಲ್ಲಲು ಬೇಕಾದ ಬಲ ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಈ ಎರಡು ಇಪ್ಪತ್ತುಗಳ ನಡುವೆ ಮಗುವಿನ ಬೆರಳಿಗೆ ಬೀಳುವ ಹೊರೆ ಶೇ 40ರಷ್ಟು ಹೆಚ್ಚು. 0.8ರ ಬದಲು 1 ಮಿ.ಮೀ. ಕೊಟ್ಟರೆ ಹೊರೆ ಹೆಚ್ಚುಕಡಿಮೆ ಇಮ್ಮಡಿ. ದೊಡ್ಡವರ ಕೈಗೆ ಈ ವ್ಯತ್ಯಾಸ ಗೊತ್ತೇ ಆಗದು. ಒಂಬತ್ತು ವರ್ಷದ ಕೈ ಸೋಲುತ್ತದೆ, ಆಗ ಟೀಚರು ಮಗುವಿಗೆ ತಾಳ್ಮೆಯಿಲ್ಲ ಎನ್ನುತ್ತಾರೆ. ಸೋತದ್ದು ತಾಳ್ಮೆಯಲ್ಲ, ತಂತಿಯ ಆಯ್ಕೆ. ಗೇಜಿನ ಗೋಜು ಬಿಟ್ಟು ಮಿಲಿಮೀಟರಿನಲ್ಲಿ ಮಾತಾಡುವುದೇ ಒಳ್ಳೆಯದು.

ಹೊಸಬರಿಗೆ ಹದವಾದದ್ದು 0.8 ಮಿ.ಮೀ. ಆಸುಪಾಸಿನ ಮೆತ್ತನೆಯ ತಾಮ್ರ. ಎಂಟು ವರ್ಷಕ್ಕಿಂತ ಚಿಕ್ಕವರಾದರೆ ಒಂದೂವರೆ ಮಿಲಿಮೀಟರಿನ ಬಣ್ಣದ ಅಲ್ಯೂಮಿನಿಯಂ ತಂತಿ. ನೋಡಲು ದಪ್ಪ, ಬಾಗಿಸಲು ಸಲೀಸು, ಬೆರಳಿನಲ್ಲೇ ಸುರುಳಿ ಸುತ್ತಬಹುದು. ಆದರೆ ಅಲ್ಯೂಮಿನಿಯಂ ಆಭರಣ ಹಾಕಿಕೊಂಡ ದಿನವೇ ಆಕಾರ ಕೆಡುತ್ತದೆ, ಆದ್ದರಿಂದ ಅದು ಅಭ್ಯಾಸಕ್ಕೆ ಮಾತ್ರ. ತಾಮ್ರ ಹೆಚ್ಚು ಕಲಿಸುತ್ತದೆ. ಅದನ್ನು ಒಂದೇ ಕಡೆ ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಾ ಹೋದರೆ ಮೊದಲು ಮೆತ್ತಗಿದ್ದದ್ದು ಗಡುಸಾಗುತ್ತದೆ, ಕೊನೆಗೆ ತುಂಡಾಗುತ್ತದೆ. ಲೋಹದೊಳಗಿನ ಹರಳುಗಳ ಸಾಲು ಜರುಗಿ ಜರುಗಿ ಒಂದಕ್ಕೊಂದು ಸಿಕ್ಕಿಕೊಂಡಾಗ ಹೀಗಾಗುತ್ತದೆ. ಕಾಯಿಸಿದರೆ ಆ ಸಿಕ್ಕು ಬಿಡಿಸಿಕೊಂಡು ಮತ್ತೆ ಮೆದುವಾಗುತ್ತದೆ. ಅಕ್ಕಸಾಲಿಗರು ತಂತಿ ಎಳೆಯುವಾಗ ನಡುನಡುವೆ ಅದನ್ನು ಕೆಂಪಗೆ ಕಾಯಿಸುವುದು ಇದಕ್ಕೇ. ತರಗತಿಯಲ್ಲಿ ಬೆಂಕಿ ಬೇಕಿಲ್ಲ. ಆದರೆ ಪ್ರತಿ ಮಗುವೂ ಮೊದಲ ದಿನವೇ ಒಂದು ತುಂಡು ತಂತಿಯನ್ನು ಬೇಕೆಂದೇ ಮುರಿಯಬೇಕು, ಮುರಿಯುವ ಮುನ್ನ ಅದು ಬೆರಳಿಗೆ ಕೊಡುವ ಸೂಚನೆಯನ್ನು ಅರಿಯಬೇಕು. ಈ ಪಾಠವನ್ನು ಹೇಳಿಕೊಡುವ ತರಗತಿ ಅಪರೂಪ. ಬಾಗಿಸಿದ್ದನ್ನು ಮತ್ತೆ ಮತ್ತೆ ತಿದ್ದಬಾರದು, ಒಂದೇ ಸಲಕ್ಕೆ ಮಾಡಬೇಕು ಎಂದು ಗದರುವ ಟೀಚರು ಸಿಗುತ್ತಾರೆ. ಯಾಕೆಂದು ತೋರಿಸುವವರು ಸಿಗುವುದು ಕಷ್ಟ.

ಖರ್ಚಿನ ಮಾತು. ಕಿಟ್‌ಗಳ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಸಿದ್ಧ ಬಿಡಿಭಾಗಗಳಿಗೆ. ಬೆಂಗಳೂರಿನಲ್ಲಿದ್ದವರು ಮಾಮೂಲುಪೇಟೆಯ ಮಣಿ ಅಂಗಡಿಗಳಿಗೂ ಎಸ್.ಪಿ. ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಗಳಿಗೂ ಒಂದು ಸುತ್ತು ಹೋಗಿಬಂದರೆ ಸಾಕು. ಸಣ್ಣ ಊರಿನಲ್ಲೂ ಪಂಪ್‌ಸೆಟ್ ರಿಪೇರಿಯವರಿದ್ದಾರೆ, ಅವರ ಬಳಿ ವೈಂಡಿಂಗ್ ತಂತಿಯ ತುಂಡುಗಳಿರುತ್ತವೆ. ಅದರ ಮೇಲೆ ತೆಳುವಾದ ವಾರ್ನಿಷ್ ಲೇಪವಿರುವುದರಿಂದ ಬೇಗ ಕಿಲುಬು ಹಿಡಿಯುವುದಿಲ್ಲ. ಆ ಲೇಪವನ್ನು ಸುಡಲು ಮಾತ್ರ ಹೋಗಬಾರದು, ಹೊಗೆ ಕೆಟ್ಟದ್ದು. ಕಚೇರಿಗಳಲ್ಲಿ ಕಿತ್ತು ಬಿಸಾಡಿದ ಲ್ಯಾನ್ ಕೇಬಲ್ ಸೀಳಿದರೆ ಅರ್ಧ ಮಿಲಿಮೀಟರ್ ದಪ್ಪದ ಎಂಟು ಎಳೆಗಳು, ಬಣ್ಣದ ಹೊದಿಕೆಯ ಸಮೇತ, ಸಿಗುತ್ತವೆ. ದಕ್ಷಿಣ ಆಫ್ರಿಕಾದ ಜುಲು ಕುಶಲಿಗರು ಹೀಗೆಯೇ ಟೆಲಿಫೋನ್ ತಂತಿಯಿಂದ ಹೆಣೆದ ಬುಟ್ಟಿಗಳು ಇಂದು ಜಗತ್ತಿನ ಮ್ಯೂಸಿಯಂಗಳಲ್ಲಿವೆ. ತಂತಿಯ ಕೆಲಸ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ನಮ್ಮದೇ ಬೀದರಿನ ಬಿದ್ರಿ ಕೆಲಸದಲ್ಲಿ ಬೆಳ್ಳಿ ತಂತಿಯನ್ನು ಕಪ್ಪು ಲೋಹದ ಗೀರಿನೊಳಗೆ ಬಡಿದು ಕೂರಿಸುತ್ತಾರೆ. ತಂತಿ ಮಣಿಯನ್ನು ಹಿಡಿದುಕೊಳ್ಳುವ ಆಳಷ್ಟೇ ಅಲ್ಲ, ತಾನೇ ಚಿತ್ರವೂ ಆಗಬಲ್ಲದೆಂದು ಮಕ್ಕಳಿಗೆ ತೋರಿಸಲು ಒಂದು ಬಿದ್ರಿ ಹೂದಾನಿ ಸಾಕು.

ಸುರಕ್ಷತೆಯ ವಿಷಯದಲ್ಲಿ ಶಿಬಿರಗಳು ತೋರುವ ಉದಾಸೀನವನ್ನು ಮಾತ್ರ ಮನ್ನಿಸಲಾಗದು. ಕಟ್ಟರಿನಿಂದ ಚಿಟಕ್ಕೆಂದು ಹಾರುವ ತುಣುಕು ಕಣ್ಣಿಗೆ ಬೀಳಬಹುದು. ಕತ್ತರಿಸುವಾಗ ಇನ್ನೊಂದು ಕೈಯ ಬೆರಳಿನಿಂದ ತುದಿಯನ್ನು ಮುಚ್ಚಿಕೊಳ್ಳಬೇಕು, ಮೂತಿ ಕೆಳಗೆ ನೋಡುತ್ತಿರಬೇಕು, ಕನ್ನಡಕ ಹಾಕಿರಬೇಕು. ಇದು ಅರ್ಧ ನಿಮಿಷದ ಪಾಠ. ಇದಕ್ಕಿಂತ ಗಂಭೀರವಾದದ್ದು ಕಿವಿಯ ಕೊಕ್ಕೆ. ಜರ್ಮನ್ ಸಿಲ್ವರ್ ಎಂದು ಮಾರುವ ಲೋಹದಲ್ಲಿ ಬೆಳ್ಳಿ ಲವಲೇಶವೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್‌ಗಳ ಮಿಶ್ರಣ. ನಿಕ್ಕಲ್ ಅನೇಕರ ಚರ್ಮಕ್ಕೆ ಆಗುವುದಿಲ್ಲ, ಒಮ್ಮೆ ಅಲರ್ಜಿ ಶುರುವಾದರೆ ಬದುಕಿಡೀ ಉಳಿಯುತ್ತದೆ. ಚುಚ್ಚಿದ ಕಿವಿಗೆ ಹಾಕುವ ವಸ್ತುವಿನಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೊಗ್ರಾಂಗಿಂತ ಹೆಚ್ಚು ನಿಕ್ಕಲ್ ಸೋರಬಾರದೆಂದು ಐರೋಪ್ಯ ಒಕ್ಕೂಟ ಮಿತಿ ಹಾಕಿದೆ. ನಮ್ಮ ಶಿಬಿರದ ಕಿಟ್ಟಿನ ಕೊಕ್ಕೆ ಯಾವ ಲೋಹದ್ದೆಂದು ಕೇಳಿದರೆ ಕಲಿಸುವವರಿಗೇ ಗೊತ್ತಿರುವುದಿಲ್ಲ. ಹೊಸಬರ ಮೊದಲ ಆಭರಣ ಓಲೆಯೇ ಆಗಬೇಕೆಂಬ ಹಟ ಯಾಕೆ ಎಂಬುದೇ ನನಗೆ ಅರ್ಥವಾಗದ ಸಂಗತಿ. ಪದಕ, ಕೈಬಳೆ, ಕೀಚೈನು, ಮುಡಿಗೆ ಸಿಕ್ಕಿಸುವ ಕಡ್ಡಿ ಯಾವುದೂ ಚರ್ಮವನ್ನು ಹಾದು ಹೋಗುವುದಿಲ್ಲ.

ಇಕ್ಕಳಗಳ ಬಗ್ಗೆ ಎರಡೇ ಮಾತು. ಹಾರ್ಡ್‌ವೇರ್ ಅಂಗಡಿಯ ದೊಡ್ಡ ಕಟಿಂಗ್ ಪ್ಲೈಯರಿನ ಹಲ್ಲು ತಾಮ್ರದ ಮೈಮೇಲೆ ಕಚ್ಚಿದ ಗಾಯ ಬಿಡುತ್ತದೆ, ಹಿಡಿ ಮಗುವಿನ ಮುಷ್ಟಿಗೆ ದಕ್ಕುವುದಿಲ್ಲ. ಹಲ್ಲಿಲ್ಲದ ನಯವಾದ ಮೂತಿಯ, ಐದು ಇಂಚಿನೊಳಗಿನ, ಸ್ಪ್ರಿಂಗ್ ಇರುವ ಇಕ್ಕಳ ಬೇಕು. ಉರುಟು ಮೂತಿಯದೊಂದು, ಚೂಪು ಮೂತಿಯದೊಂದು, ಕಟ್ಟರ್ ಒಂದು, ತುದಿ ಉಜ್ಜಲು ಒಂದು ಸಣ್ಣ ಅರ. ಇಷ್ಟನ್ನು ಇಬ್ಬರು ಮಕ್ಕಳು ಹಂಚಿಕೊಂಡರೂ ನಡೆದೀತು.

ಇನ್ನು ಕಲಿಸುವ ರೀತಿ. ಇದರಲ್ಲಿ ನಮಗೆ ಎರಡು ಪರಂಪರೆಗಳ ಆಸರೆಯಿದೆ, ಎರಡಕ್ಕೂ ಮಿತಿಗಳಿವೆ. ಒಂದು, ಅಕ್ಕಸಾಲಿಗರ ಮನೆಯದು. ಉತ್ತರ ಕರ್ನಾಟಕದ ಪತ್ತಾರರ ಅಂಗಡಿಯಲ್ಲಿ ಮಗ ಅಪ್ಪನ ಪಕ್ಕ ಕೂತು ಊದುವುದು, ಉಜ್ಜುವುದು, ಕಂಬಚ್ಚಿನ ರಂಧ್ರಗಳಲ್ಲಿ ತಂತಿಯನ್ನು ದಪ್ಪದಿಂದ ತೆಳ್ಳಗೆ ಎಳೆಯುವುದು, ಹೀಗೆ ವರ್ಷಗಟ್ಟಲೆ ಮಾಡಿದ ಮೇಲೆ ಆಭರಣಕ್ಕೆ ಕೈ ಹಾಕುತ್ತಿದ್ದ. ಲೋಹದ ಹದ ಅವನ ಬೆರಳಿಗೆ ಇಳಿಯುತ್ತಿತ್ತು. ಒಂದು ಚೂರು ಲೋಹವೂ ಪೋಲಾಗುತ್ತಿರಲಿಲ್ಲ. ಅಂಗಡಿ ಗುಡಿಸಿದ ಧೂಳಿನಿಂದಲೂ ಚಿನ್ನ ತೆಗೆಯುವವರಿದ್ದಾರೆ. ಆದರೆ ಆ ಶಾಲೆಯ ಬಾಗಿಲು ಜಾತಿಯಿಂದ, ಲಿಂಗದಿಂದ ಮುಚ್ಚಿತ್ತು. ಮಗಳಿಗೆ ಅಲ್ಲಿ ಜಾಗವಿರಲಿಲ್ಲ, ಬೇರೆ ಕುಲದವನಿಗೂ ಇರಲಿಲ್ಲ. ಎಷ್ಟೋ ಹುಡುಗರ ಓದು ಆ ಕುಲುಮೆಯ ಮುಂದೆಯೇ ನಿಂತಿತು. ಅದನ್ನು ಹಾಡಿಹೊಗಳುವುದರಲ್ಲಿ ಅರ್ಥವಿಲ್ಲ.

ಇನ್ನೊಂದು, ಶಾಲೆಯೊಳಗಿನ ಕೈಕೆಲಸದ ಪರಂಪರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ವೀಡನ್ನಿನ ನೇಸ್ ಎಂಬಲ್ಲಿ ಓಟ್ಟೊ ಸಾಲೊಮನ್ ಶಿಕ್ಷಕರಿಗೆ ಮರಗೆಲಸದ ಒಂದು ಕ್ರಮ ಹೇಳಿಕೊಟ್ಟರು. ಸುಲಭದಿಂದ ಕಠಿಣಕ್ಕೆ ಏರುವ ಮಾದರಿಗಳ ಸಾಲು. ಹಿಂದಿನದರಲ್ಲಿ ಕಲಿತದ್ದರ ಮೇಲೆ ಮುಂದಿನದು ನಿಲ್ಲಬೇಕು. ಮಾಡಿದ್ದು ಮನೆಯಲ್ಲಿ ಉಪಯೋಗಕ್ಕೆ ಬರಬೇಕು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಇನ್ನೂ ಒಂದು ಹೆಜ್ಜೆ ಹೋಗಿ, ಕಸುಬಿನ ಮೂಲಕವೇ ಗಣಿತ, ವಿಜ್ಞಾನ, ಸಮಾಜ ಎಲ್ಲವನ್ನೂ ಕಲಿಸಬೇಕೆಂದಿತು. ಬರಬರುತ್ತ ನಮ್ಮ ಶಾಲೆಗಳಲ್ಲಿ ಅದು ಕಾರ್ಯಾನುಭವ ಎಂಬ ಒಂದು ಪಿರಿಯಡ್ಡಾಗಿ ಸವೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರೆಗೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಕುಶಲಕರ್ಮಿಗಳ ಬಳಿ ಕಲಿಯುವ ಅವಕಾಶವನ್ನು ಹೇಳಿದೆ. ಆ ದಿನಗಳು ಕಾಗದದ ಹೂವಿನಲ್ಲಿ ಮುಗಿಯಬಾರದು. ಊರಿನ ಅಕ್ಕಸಾಲಿಗರನ್ನು ಒಂದು ದಿನ ಗೌರವಧನ ಕೊಟ್ಟು ಶಾಲೆಗೆ ಕರೆದು, ಎಲ್ಲ ಜಾತಿಯ ಹುಡುಗ ಹುಡುಗಿಯರ ಮುಂದೆ ಕೂರಿಸಿದರೆ ಮುಚ್ಚಿದ್ದ ಬಾಗಿಲು ಅಷ್ಟಾದರೂ ತೆರೆದೀತು.

ಮಕ್ಕಳಿಗೆ ತಂತಿ ಕೊಟ್ಟರೆ ಏನಾಗಬಹುದು ಎಂಬುದಕ್ಕೆ ಎಲ್ಲರೂ ಎತ್ತುವ ಹೆಸರು ಅಲೆಕ್ಸಾಂಡರ್ ಕಾಲ್ಡರ್. 1906ರಲ್ಲಿ, ಎಂಟು ವರ್ಷದವನಾಗಿದ್ದಾಗ, ಕ್ಯಾಲಿಫೋರ್ನಿಯಾದ ಪ್ಯಾಸಡಿನಾದಲ್ಲಿ ಮನೆಯವರು ಅವನಿಗೆ ಕೆಲವು ಸಲಕರಣೆ ಕೊಡಿಸಿದರು. ಟೆಲಿಫೋನ್ ಕೇಬಲ್ ಜೋಡಿಸುವವರು ಬೀದಿಯಲ್ಲಿ ಬಿಟ್ಟುಹೋದ ತಾಮ್ರದ ತುಂಡುಗಳನ್ನು ಆರಿಸಿ ತಂದು ಅವನು ಅಕ್ಕನ ಗೊಂಬೆಗಳಿಗೆ ಒಡವೆ ಮಾಡಿದ. ಮುಂದೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಗಾಳಿಗೆ ತೂಗುವ ಮೊಬೈಲ್ ಶಿಲ್ಪಗಳಿಂದ ಲೋಕಪ್ರಸಿದ್ಧನಾದರೂ ಆಭರಣ ಬಿಡಲಿಲ್ಲ. ಬದುಕಿನುದ್ದಕ್ಕೂ ಮಾಡಿದವು ಸುಮಾರು 1,800. 1955ರಲ್ಲಿ ಗೀರಾ ಸಾರಾಭಾಯಿ ಅವರ ಆಹ್ವಾನದ ಮೇಲೆ ಅಹಮದಾಬಾದಿಗೆ ಬಂದಾಗಲೂ ಶಿಲ್ಪಗಳ ಜೊತೆ ಆಭರಣ ಮಾಡಿದ. ಬೆಸುಗೆಯನ್ನು ಅವನು ಹತ್ತಿರ ಸೇರಿಸಿದ್ದು ತೀರ ಕಡಿಮೆ. ತಂತಿಯನ್ನು ಬಾಗಿಸುವುದು, ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡುವುದು, ಕುಣಿಕೆಯಿಂದ ಕುಣಿಕೆಗೆ ಸಿಕ್ಕಿಸುವುದು. ಇದಿಷ್ಟೇ ಅವನ ವ್ಯಾಕರಣ.

ಶಾಲಾ ಕಲಾತರಗತಿಗಳು ಕಾಲ್ಡರನಿಂದ ತೆಗೆದುಕೊಂಡದ್ದು ಮಾತ್ರ ತಪ್ಪು ಸಂಗತಿ. ಅವನ ಸುರುಳಿಯನ್ನು ಎತ್ತಿಕೊಂಡು ಎಲ್ಲ ಮಕ್ಕಳಿಂದಲೂ ಅದನ್ನೇ ನಕಲು ಮಾಡಿಸುತ್ತಾರೆ. ಎತ್ತಿಕೊಳ್ಳಬೇಕಾದದ್ದು ಅವನ ಇತಿಮಿತಿಯನ್ನು: ಒಂದೇ ತಂತಿ, ಕೆಲವೇ ಸಲಕರಣೆ, ಅಂಟಿಲ್ಲ, ಬೆಸುಗೆಯಿಲ್ಲ, ಸಿದ್ಧ ಭಾಗಗಳಿಲ್ಲ. ಅವನ ಆಭರಣಗಳೆಲ್ಲ ತೊಡಲು ಹಿತವೆಂದೇನಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, ಮತ್ಸರದ ಗಂಡ ಎಂಬರ್ಥದ ಹೆಸರಿನ ಹಿತ್ತಾಳೆ ಹಾರ ಹೆಗಲ ಮೇಲೆ ಮುಳ್ಳು ನಿಗುರಿಸಿಕೊಂಡಂತಿದೆ. ಸೀರೆ ಉಟ್ಟವರು ಅದರ ಹತ್ತಿರ ಸುಳಿಯುವಂತಿಲ್ಲ. ಮಕ್ಕಳ ಮುಂದೆ ಅದನ್ನಿಟ್ಟು, ಇದು ಚೆಂದವೇ, ತೊಡಬಹುದೇ, ಎರಡೂ ಒಟ್ಟಿಗೆ ಆಗಲೇಬೇಕೇ ಎಂದು ಚರ್ಚೆ ಎಬ್ಬಿಸಿದರೆ ನಕಲಿಗಿಂತ ಹೆಚ್ಚು ಪ್ರಯೋಜನ. ಜೊತೆಗೆ ಆನಿ ಆಲ್ಬರ್ಸ್ ಅವರನ್ನೂ ಪರಿಚಯಿಸಬಹುದು. ನೇಯ್ಗೆಯಲ್ಲಿ ಹೆಸರಾದ ಈಕೆ 1940ರ ಆಸುಪಾಸಿನಲ್ಲಿ ಅಲೆಕ್ಸ್ ರೀಡ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ ಪೇಪರ್ ಕ್ಲಿಪ್ಪು, ಹೇರ್‌ಪಿನ್ನು, ವಾಷರು, ಸಿಂಕಿನ ಜಾಲರಿಗಳಿಂದ ಹಾರ ಮಾಡಿದರು. 1946ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕೈಯಿಂದ ಮಾಡಿದ ಆಧುನಿಕ ಆಭರಣಗಳ ಪ್ರದರ್ಶನ ನಡೆಸಿದಾಗ ಇವರಿಬ್ಬರ ಕೆಲಸವೂ ಕಾಲ್ಡರನದೂ ಅಲ್ಲಿದ್ದವು. ಒಡವೆಯ ಬೆಲೆ ಲೋಹದ ಬೆಲೆಯಲ್ಲ ಎಂಬ ಮಾತನ್ನು ತಾಮ್ರದ ತುಂಡು ಹಿಡಿದ ಮಗುವಿಗೆ ಇಷ್ಟು ನೇರವಾಗಿ ಹೇಳುವ ಕೃತಿಗಳು ಕಡಿಮೆ.

ಶಿಬಿರ ನಡೆಸುವವರು ಇದಕ್ಕೆಲ್ಲ ಒಂದು ಸಮಾಧಾನ ಹೇಳುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಮಕ್ಕಳಿಗೆ ಮೊದಲ ದಿನವೇ ಏನಾದರೂ ಕೈಗೆ ಬರಬೇಕು. ಬರೀ ಕುಣಿಕೆ ತಿರುಗಿಸುತ್ತಾ ಕೂತರೆ ಎರಡನೆಯ ದಿನ ಯಾರೂ ಬರುವುದಿಲ್ಲ. ನಿಜ. ಅಕ್ಕಸಾಲಿಗರ ಮನೆಯ ವರ್ಷಗಳ ತಪಸ್ಸನ್ನು ಶನಿವಾರದ ಶಿಬಿರಕ್ಕೆ ತರಲಾಗದು. ಆದರೆ ಬೇಗ ಮುಗಿಯುವ ಕೆಲಸವೆಂದರೆ ಸಿದ್ಧ ಭಾಗಗಳ ಜೋಡಣೆಯೇ ಆಗಬೇಕಿಲ್ಲ. ಒಂದು ಗೇಣು ತಂತಿ, ಒಂದು ತುದಿಯಲ್ಲಿ ಸುರುಳಿ, ಇನ್ನೊಂದು ತುದಿಯಲ್ಲಿ ಕುಣಿಕೆ: ಪದಕ ಸಿದ್ಧ. ಮಣಿಯಿಲ್ಲ, ಪಿನ್ನಿಲ್ಲ, ಟೀಚರ ಕೈ ಸೋಕಿಲ್ಲ. ಎರಡನೆಯ ದಿನ ಅದನ್ನು ತೂಗುಹಾಕಲು ಎಸ್ ಆಕಾರದ ಕೊಂಡಿ. ಮೂರನೆಯ ದಿನ ಕೊಂಡಿಗಳ ಸರಪಳಿ. ನಾಲ್ಕನೆಯ ದಿನ ಮಣಿ ಬರಲಿ. ಆ ಹೊತ್ತಿಗೆ ಮಣಿಯನ್ನು ಹಿಡಿಯುವ ಕುಣಿಕೆ ಮಗುವಿಗೆ ಬಂದಿರುತ್ತದೆ. ಸಾಲೊಮನ್ ಹೇಳಿದ ಕ್ರಮ ಇದೇ, ನಾಲ್ಕು ದಿನಕ್ಕೆ ಇಳಿಸಿದ್ದು.

ಮೊದಲ ಆಭರಣ ಯಾರಿಗೆ ಎಂಬ ಪ್ರಶ್ನೆಗೂ ಕಾಲ್ಡರನ ಬಾಲ್ಯ ಒಂದು ದಾರಿ ತೋರಿಸುತ್ತದೆ. ಹಳೆಯ ಮೈಸೂರಿನ ಕಡೆ ದಸರೆಗೆ ಪಟ್ಟದ ಗೊಂಬೆಗಳನ್ನು ಕೂರಿಸುತ್ತಾರೆ, ಅವಕ್ಕೆ ಬಟ್ಟೆ ಉಡಿಸಿ ಒಡವೆ ತೊಡಿಸುತ್ತಾರೆ. ಗೊಂಬೆಗೆ ನಿಕ್ಕಲ್ ಅಲರ್ಜಿಯಿಲ್ಲ, ಚುಚ್ಚಿದರೆ ಅಳುವುದಿಲ್ಲ, ಎರಡು ಓಲೆ ಹೆಚ್ಚುಕಡಿಮೆಯಾದರೆ ಮುಖ ಸಿಂಡರಿಸುವುದಿಲ್ಲ. ಅದಕ್ಕೊಂದು ಡಾಬು, ಒಂದು ಕಂಠಿ, ಒಂದು ಕಿರೀಟ ಮಾಡು ಎಂದರೆ ಮಗುವಿಗೆ ಅಳತೆ ತೆಗೆಯುವ ಕೆಲಸವೂ ಬಂತು, ವರ್ಷಕ್ಕೊಮ್ಮೆ ನೆಂಟರಿಷ್ಟರ ಮುಂದೆ ತೋರಿಸುವ ಸಂದರ್ಭವೂ ಬಂತು. ಬೇಸಿಗೆ ಶಿಬಿರದ ಕೆಲಸವನ್ನು ದಸರೆಗೆ ಗುರಿಯಿಟ್ಟು ನಡೆಸುವವರು ಇದ್ದರೆ ಕಲಿಕೆಗೆ ಆರು ತಿಂಗಳ ಆಯುಸ್ಸಾದರೂ ಸಿಗುತ್ತದೆ.

ಇನ್ನೊಂದು ಪ್ರವೃತ್ತಿ ಹೆಚ್ಚು ಚುಚ್ಚುತ್ತದೆ. ಒಂದೇ ಶಿಬಿರದಲ್ಲಿ ಒಂದು ಕೋಣೆಯಲ್ಲಿ ಆಭರಣ, ಪಕ್ಕದ ಕೋಣೆಯಲ್ಲಿ ರೊಬೊಟಿಕ್ಸ್. ಮೊದಲನೆಯದರಲ್ಲಿ ಹೆಚ್ಚಾಗಿ ಹುಡುಗಿಯರು, ಎರಡನೆಯದರಲ್ಲಿ ಹುಡುಗರು. ಎರಡೂ ಕಡೆ ಇರುವುದು ಅದೇ ತಾಮ್ರದ ತಂತಿ, ಅದೇ ಇಕ್ಕಳ, ಅದೇ ಕಟ್ಟರ್. ಸ್ಕ್ರೂ ಟರ್ಮಿನಲ್ಲಿಗೆ ತಂತಿ ಸಿಕ್ಕಿಸಲು ಎಲೆಕ್ಟ್ರಿಷಿಯನ್ ಮಾಡುವುದೂ ಕುಣಿಕೆಯೇ. ಸ್ಕ್ರೂ ಬಿಗಿಯುವ ದಿಕ್ಕಿಗೇ ಅದು ಸುತ್ತಿರಬೇಕು, ಇಲ್ಲದಿದ್ದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ಅರವಿಂದ ಗುಪ್ತಾ ಅವರ ವಿಜ್ಞಾನದ ಆಟಿಕೆಗಳಲ್ಲಿ ಬರುವ ಪುಟ್ಟ ಮೋಟಾರಿಗೆ ಬೇಕಾದದ್ದು ವೈಂಡಿಂಗ್ ತಂತಿಯ ಒಂದು ಸುರುಳಿ, ಎರಡು ಸೇಫ್ಟಿ ಪಿನ್, ಒಂದು ಆಯಸ್ಕಾಂತ, ಒಂದು ಬ್ಯಾಟರಿ ಸೆಲ್. ಜಂಪ್ ರಿಂಗ್ ಮಾಡಲು ಪೆನ್ಸಿಲಿಗೆ ಸುತ್ತಿದ ಹುಡುಗಿ ಆ ಮೋಟಾರಿನ ಸುರುಳಿಯ ಬಹುಪಾಲನ್ನು ಆಗಲೇ ಮಾಡಿ ಮುಗಿಸಿದ್ದಾಳೆ. ಹಾಗೆಂದು ಅವಳಿಗೆ ಯಾರೂ ಹೇಳಿಲ್ಲ. ಎರಡು ಕೋಣೆಗಳ ನಡುವಿನ ಬಾಗಿಲು ತೆರೆದಿಡುವುದು ಶಿಬಿರದವರಿಗೆ ಒಂದು ಪೈಸೆಯ ಖರ್ಚಿಲ್ಲದ ಸುಧಾರಣೆ.

ಕೊನೆಗೆ, ಮಗುವಿನ ಕೆಲಸವನ್ನು ಅಳೆಯುವುದು ಹೇಗೆ? ಚೆಂದ, ಸೂಪರ್ ಎನ್ನುವ ಹೊಗಳಿಕೆ ಏನನ್ನೂ ಕಲಿಸುವುದಿಲ್ಲ. ನೋಡಬೇಕಾದವು ನಾಲ್ಕು. ಕುಣಿಕೆ ದುಂಡಗಿದೆಯೇ? ಬಾಯಿ ಮುಚ್ಚಿದೆಯೇ? ಎಳೆದರೆ ನಿಲ್ಲುತ್ತದೆಯೇ? ಹಳೆಯ ಹತ್ತಿ ಸೀರೆಯ ಸೆರಗಿನ ಮೇಲೆ ಎಳೆದಾಡಿದರೆ ನೂಲು ಕೀಳುತ್ತದೆಯೇ? ಕಿತ್ತರೆ ತುದಿಯನ್ನು ಉಜ್ಜಿಲ್ಲವೆಂದೇ ಅರ್ಥ. ಈ ಪರೀಕ್ಷೆಗಳನ್ನು ಮಗು ತಾನೇ ಮಾಡಿಕೊಳ್ಳಬಹುದು, ಪಕ್ಕದವರ ಕೆಲಸಕ್ಕೂ ಮಾಡಬಹುದು. ಮೊದಲ ಕುಣಿಕೆಯನ್ನೂ ಇಪ್ಪತ್ತನೆಯದನ್ನೂ ಒಂದೇ ದಾರಕ್ಕೆ ಕಟ್ಟಿ ಇಟ್ಟುಕೊಂಡರೆ ತಾನೆಷ್ಟು ಮುಂದೆ ಬಂದೆ ಎಂಬುದು ಯಾವ ಸರ್ಟಿಫಿಕೇಟಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ನನ್ನ ತೀರ್ಮಾನ ಇಷ್ಟು. ತಂತಿ ಆಭರಣ ಮಕ್ಕಳಿಗೆ ಕಲಿಸಲು ತಕ್ಕ ಕಸುಬು. ಅಗ್ಗದ್ದು, ಬೆಂಕಿಯಿಲ್ಲದ್ದು, ಗಣಿತವನ್ನೂ ಲೋಹಶಾಸ್ತ್ರವನ್ನೂ ಅಂದವನ್ನೂ ಒಟ್ಟಿಗೆ ಹೇಳಿಕೊಡುವಂಥದು. ಆದರೆ ಇಂದು ಶಿಬಿರಗಳಲ್ಲಿ ಆ ಹೆಸರಿನಲ್ಲಿ ನಡೆಯುತ್ತಿರುವುದರಲ್ಲಿ ಹೆಚ್ಚಿನದು ಕಿಟ್ ಜೋಡಣೆ. ಈ ಬೇಸಿಗೆಯಲ್ಲಿ ಮಗನನ್ನೋ ಮಗಳನ್ನೋ ಇಂಥ ತರಗತಿಗೆ ಸೇರಿಸುವವರು ಶುಲ್ಕ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ: ಕುಣಿಕೆಯನ್ನು ಮಗುವೇ ಮಾಡುತ್ತದೆಯೇ? ತಂತಿಯ ದಪ್ಪ ಎಷ್ಟು ಮಿಲಿಮೀಟರ್? ಕಿವಿಯ ಕೊಕ್ಕೆ ಯಾವ ಲೋಹದ್ದು? ಮೂರಕ್ಕೂ ತಡವರಿಸದೆ ಉತ್ತರ ಬಂದರೆ ಸೇರಿಸಿ. ಬರದಿದ್ದರೆ ಅದೇ ದುಡ್ಡಿನಲ್ಲಿ ಒಂದು ಒಳ್ಳೆಯ ಉರುಟು ಇಕ್ಕಳ, ಒಂದು ಕಟ್ಟರ್, ಕಾಲು ಕಿಲೊ ತಾಮ್ರದ ತಂತಿ ಕೊಂಡು ಮನೆಯಲ್ಲೇ ಮಗುವಿನ ಪಕ್ಕ ಕೂತುಕೊಳ್ಳಿ.